ಮನೆಗಾಡಿಯ ಎಪ್ಪತ್ತು ದಿನ

ಕಳೆದ ವಾರ ಅವರ ಬೀಳ್ಕೊಡುಗೆ ಆಯಿತು. ಇಲ್ಲಿ ದೋಹಾದಲ್ಲಿ ವರ್ಲ್ಡ್ ಕಪ್ ಫುಟ್‌ಬಾಲ್ ಮುಗಿದು ಬಂದವರೆಲ್ಲ ವಾಪಸ್ ಹೋದ ಮೇಲೆ ನಮ್ಮ ಕಂಪೆನಿಯಲ್ಲೂ ಒಬ್ಬೊಬ್ಬರನ್ನೇ ಕಳಿಸತೊಡಗಿದ್ದರು. ಮೀಟಿಂಗ್ ರೂಮಿನಲ್ಲಿ ಒಂದು ಕೇಕು, ಒಂದು ಗಾಜಿನ ಫಲಕ, ಎರಡು ನಿಮಿಷದ ಭಾಷಣ. ‘ಹಾರ್ಡ್ ವರ್ಕಿಂಗ್, ಪಂಕ್ಚುಯಲ್, ವೆರಿ ರಿಲಯಬಲ್’ ಎಂದು ಮ್ಯಾನೇಜರು ಚೀಟಿ ನೋಡಿಕೊಂಡು ಓದಿದರು. ನನಗೆ ಮೈ ಉರಿಯಿತು. ಈ ಮೂರು ಮಾತನ್ನು ನಮ್ಮ ಮಹಡಿಯ ಜೆರಾಕ್ಸ್ ಮೆಷಿನ್ನಿನ ಬಗ್ಗೆಯೂ ಹೇಳಬಹುದು. ಹನ್ನೊಂದು ವರ್ಷ ಪಕ್ಕದ ಮೇಜಿನಲ್ಲಿ ಕೂತಿದ್ದ ಮನುಷ್ಯ ಇಷ್ಟೇ ಆಗಿ ಹೋಗುವುದು ನನಗೆ ಸರಿಕಾಣಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಅವರ ಊರಾದ ಉಪ್ಪಿನಂಗಡಿಯಿಂದ ಫೋನ್ ಬರುತ್ತದೆ, ‘ಎಂತ ಮಾರಾಯ್ರೆ, ನಿಮಗೆ ಬೇರೆ ಕೆಲಸ ಇಲ್ವಾ’ ಅಂತ.

ಅವರು ನಮ್ಮ ಟ್ರಾನ್ಸ್‌ಪೋರ್ಟ್ ಕೋಆರ್ಡಿನೇಟರ್. ಸ್ಟೇಡಿಯಂ ಕಟ್ಟುವವರನ್ನು ಬರ್ವಾ ಅಲ್ ಬರಾಹಾದ ವಸತಿಯಿಂದ ಸೈಟಿಗೂ ಸೈಟಿನಿಂದ ವಸತಿಗೂ ಮುಟ್ಟಿಸುವ ಬಸ್ಸುಗಳ ಲೆಕ್ಕಾಚಾರವೆಲ್ಲ ಅವರ ತಲೆಯಲ್ಲಿತ್ತು. ಮಲಯಾಳಿ ಡ್ರೈವರುಗಳು ‘ಇಕ್ಕಾ’, ಅಂದರೆ ಅಣ್ಣ, ಎನ್ನುತ್ತಿದ್ದರು. ನಾನು ಮೈಸೂರಿನವನು, ‘ಸಾಹೇಬ್ರೇ’ ಎನ್ನುತ್ತಿದ್ದೆ. ಕುಳ್ಳಗಿನ ಆಳು, ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಒಂದು ಬಾಚಣಿಗೆ. ಮಾತಾಡುತ್ತಾ ವಿಷಯ ಬದಲಿಸಬೇಕಾದಾಗ ಅವರ ಬಲಗೈ ತನ್ನಷ್ಟಕ್ಕೆ ಮುಂದೆ ಹೋಗಿ ಗೇರು ಹಾಕಿದ ಹಾಗೆ ಆಡುತ್ತಿತ್ತು. ಮೀಟಿಂಗಿನಲ್ಲಿ ಆ ಕೈ ಅಲ್ಲಾಡಿತೆಂದರೆ, ಈಗ ಯಾವನಿಗೋ ಬೈಗುಳ ಬರಲಿದೆ ಎಂದು ನನಗೆ ಮೊದಲೇ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಪ್ರತಿ ಡ್ರೈವರನ ಕೈಗೆ ಬಿಸಿ ಕರಕ್ ಚಹಾ ಕೊಟ್ಟು ಅವನ ಮನೆಯ ವಿಚಾರ ಕೇಳುವುದು ಅವರ ಪದ್ಧತಿ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇತ್ತೆನ್ನಿ. ಆದರೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ ಮೇಲೆ ಉತ್ತರ ಬಂದರೆ ಆ ದಿನ ಅವನಿಗೆ ಬಸ್ಸಿಲ್ಲ. “ನಿದ್ದೆ ಆಗ್ಲಿಲ್ಲ ಇವನಿಗೆ. ಖಲಾಸ್, ಹೋಗಿ ಮಲಗಲಿ,” ಎಂದು ಕೀ ಕಿತ್ತುಕೊಳ್ಳುತ್ತಿದ್ದರು.

ಇಂಥ ಮನುಷ್ಯನ ತಲೆಗೆ ಕೆನಡಾದ ಉತ್ತರದ ಕಾಡು ಹೊಕ್ಕದ್ದು ಒಬ್ಬ ಸರ್ವೇಯರನಿಂದ. ಆ ಕೆನಡಾದವನು ಕೆಲಸ ಬಿಟ್ಟು ಹೋಗುವಾಗ ಮೇಜಿನ ಡ್ರಾಯರಿನಲ್ಲಿದ್ದ ಮಡಚಿ ಮಡಚಿ ಹರಿದ ಒಂದು ರಸ್ತೆ ನಕ್ಷೆಯನ್ನು ಕಸದ ಬುಟ್ಟಿಗೆ ಹಾಕಿದ್ದ. ಸಾಹೇಬರು ಅದನ್ನು ಎತ್ತಿಕೊಂಡರು. ಮೇಲೆ ಹೋದ ಹಾಗೆ ಊರುಗಳು ಕಡಿಮೆಯಾಗುತ್ತಾ, ಕೊನೆಗೆ ಒಂದೇ ಒಂದು ಗೆರೆ ಉಳಿದು ಅದೂ ಸಮುದ್ರಕ್ಕೆ ಮುಟ್ಟಿ ನಿಲ್ಲುವ ನಕ್ಷೆ. ಅದನ್ನು ಬಸ್ಸಿನ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿದರು. ಆಮೇಲೆ ದಿನವೂ ಊಟದ ಹೊತ್ತಿನಲ್ಲಿ ಕನ್ನಡಕ ಹಣೆಗೇರಿಸಿ ಅದರ ಮುಂದೆ ನಿಲ್ಲುವುದು.

“ನೋಡಿ, ಇಲ್ಲಿಂದ ಇಲ್ಲಿಗೆ ಮುನ್ನೂರೈವತ್ತು ಕಿಲೋಮೀಟರಿಗೂ ಮೇಲೆ ಉಂಟು. ನಡುವೆ ಒಂದು ಪೆಟ್ರೋಲ್ ಪಂಪ್ ಸಹ ಮಾಫಿ, ಇಲ್ಲವೇ ಇಲ್ಲ. ಇಡೀ ಕತಾರನ್ನು ಉದ್ದಕ್ಕೆ ಎರಡು ಸಲ ಮಲಗಿಸಿದ ಹಾಗೆ.”

“ಅಲ್ಲಿ ಏನಿದೆ ಸಾಹೇಬ್ರೇ ನೋಡೋಕೆ?”

“ಎಂತ ಇಲ್ಲ. ಅದೇ ನೋಡ್ಲಿಕ್ಕೆ.”

ಹೀಗೆ ಶುರುವಾಯಿತು. ಮಲಗಲು, ಅಡುಗೆ ಮಾಡಲು, ಸ್ನಾನ ಮಾಡಲು ಎಲ್ಲ ಒಳಗೇ ಇರುವ ದೊಡ್ಡ ವಾಹನವನ್ನು ಬಾಡಿಗೆಗೆ ಪಡೆದು ಎಪ್ಪತ್ತು ದಿನ ಆ ಗೆರೆಯ ಕೊನೆಯವರೆಗೆ ಹೋಗಿ ಬರುವುದು. ಅದನ್ನು ಅಲ್ಲಿನವರು ಆರ್‌ವಿ ಅನ್ನುತ್ತಾರೆ. ಇವರು ‘ಮನೆಗಾಡಿ’ ಎಂದು ಹೆಸರಿಟ್ಟರು. ಹೋಗುವವರು ಇಬ್ಬರೇ, ಇವರು ಮತ್ತು ಇವರ ಹೆಂಡತಿ. ಆ ನೆಲವನ್ನು ಅವರು ಇದುವರೆಗೂ ಮೆಟ್ಟಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಬೈಯಬಾರದು.

ಆದರೆ ಎಂಥ ಪ್ಲಾನು ಅದು. ನಾನು ಡಾಕ್ಯುಮೆಂಟ್ ಕಂಟ್ರೋಲರ್, ಬೇರೆಯವರ ಕಾಗದದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆ ಎಕ್ಸೆಲ್ ಶೀಟಿನಲ್ಲಿ ತಪ್ಪು ಸಿಗದೆ ಒದ್ದಾಡಿದ್ದೇನೆ. ದಿನಕ್ಕೊಂದು ಸಾಲು. ಎಲ್ಲಿ ಡೀಸೆಲ್, ಎಲ್ಲಿ ಕುಡಿಯುವ ನೀರು, ಕೊಳಚೆ ನೀರನ್ನು ಎಲ್ಲಿ ಖಾಲಿ ಮಾಡುವುದು, ಕರಡಿ ಓಡಾಡುವ ಜಾಗ ಯಾವುದು, ಯಾವ ನದಿಗೆ ಸೇತುವೆ ಇಲ್ಲ, ದೋಣಿಯ ಮೇಲೆ ಗಾಡಿ ದಾಟಿಸಬೇಕು. ಬೇಸಗೆಯಲ್ಲಿ ಆ ಕಡೆ ಸೂರ್ಯ ಮುಳುಗುವುದೇ ಇಲ್ಲ ಎಂದು ತಿಳಿದಾಗ ಎರಡು ದಿನ ಅವರ ಮುಖ ಸಪ್ಪಗಿತ್ತು. ಸೂರ್ಯ ಮುಳುಗದಿದ್ದರೆ ಮಗ್ರಿಬ್ ನಮಾಜು ಯಾವಾಗ? ಬಿನ್ ಒಮ್ರಾನಿನ ತಮ್ಮ ರೂಮಿನ ಹತ್ತಿರದ ಮಸೀದಿಯ ಇಮಾಮರನ್ನು ಹಿಡಿದುಕೊಂಡು ಕೇಳಿದರು. ಸೂರ್ಯ ಮುಳುಗುವ ಹತ್ತಿರದ ಊರಿನ ವೇಳೆಯನ್ನು ಪಾಲಿಸಿ ಎಂದು ಅವರು ಹೇಳಿದ ಮೇಲೆ, ಶೀಟಿನಲ್ಲಿ ಅದಕ್ಕೊಂದು ಹೊಸ ಪುಟ ತೆರೆದು ಸಮಾಧಾನಪಟ್ಟುಕೊಂಡರು.

ಕೊನೆಗೆ ನನಗೊಂದು ತಪ್ಪು ಸಿಕ್ಕಿತು. ಎಪ್ಪತ್ತು ದಿನವೂ ಹನ್ನೊಂದೂವರೆಯಿಂದ ಮೂರು ಗಂಟೆಯವರೆಗೆ ‘ವಿರಾಮ’ ಎಂದು ಬರೆದಿತ್ತು. ಇಲ್ಲಿ ಬೇಸಗೆಯಲ್ಲಿ ಆ ಹೊತ್ತು ಹೊರಗಿನ ಕೆಲಸ ನಿಲ್ಲಿಸಬೇಕೆಂಬ ಕಾನೂನಿದೆ, ಇಲ್ಲದಿದ್ದರೆ ಬಿಸಿಲಿಗೆ ಜನ ಬೀಳುತ್ತಾರೆ. ಅದನ್ನೇ ಎತ್ತಿ ಹಿಮದ ನಾಡಿಗೂ ಹಾಕಿದ್ದರು. ಸಾಲದ್ದಕ್ಕೆ ಪ್ರತಿದಿನ ಬೆಳಗಿನ ಮೊದಲ ಕೆಲಸ ‘ಎ.ಸಿ. ಗ್ಯಾಸ್ ಚೆಕ್’. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಸರ್ವೇಯರನಿಗೂ ಶೀಟು ಕಳಿಸಿದ್ದರು. ಅವನೂ ನಕ್ಕು, ಮಧ್ಯಾಹ್ನ ಅಲ್ಲಿ ಬಿಸಿಲಿನ ಭಯವಿಲ್ಲ, ಗಾಡಿ ನಿಲ್ಲಿಸಿ ಇಳಿದರೆ ಸೊಳ್ಳೆಗಳು ಎತ್ತಿಕೊಂಡು ಹೋಗುತ್ತವೆ ಎಂದು ಬರೆದನಂತೆ.

“ಇರ್ಲಿ ಮಾರಾಯ್ರೆ,” ಎಂದರು ಸಾಹೇಬರು. “ಆ ಹೊತ್ತಿಗೆ ಗಾಡಿ ಓಡ್ಸಿದ್ರೆ ನನಗೆ ಯಾರೋ ಸೀಟಿ ಹೊಡೆದು ನಿಲ್ಲಿಸಿದ ಹಾಗೆ ಆಗ್ತದೆ. ಸೊಳ್ಳೆ ಬತ್ತಿ ಇಟ್ಕೊಳ್ತೇನೆ.”

ಒಂದು ದಿನ ಕೇಳಿಯೇ ಬಿಟ್ಟೆ. ಗಲ್ಫಿಗೆ ಬಂದವರು ರಜೆಗೆ ಊರಿಗೆ ಹೋಗುತ್ತಾರೆ, ಉಮ್ರಾಕ್ಕೆ ಹೋಗುತ್ತಾರೆ, ಹೆಚ್ಚೆಂದರೆ ದುಬೈ. ಈ ವಯಸ್ಸಿನಲ್ಲಿ ಕರಡಿಗಳ ಮಧ್ಯೆ ಇವರಿಗೇನು ಕೆಲಸ?

ಬಲಗೈ ಮುಂದೆ ಹೋಗಿ ಗೇರು ಹಾಕಿತು. “ಅಲ್ಲಿ ನೆಟ್‌ವರ್ಕ್ ಇಲ್ಲ,” ಎಂದರು.

ಮತ್ತೆ ನಿಧಾನವಾಗಿ ಹೇಳಿದರು. ಮದುವೆಯಾಗಿ ಇಪ್ಪತ್ತಾರು ವರ್ಷ. ರಜೆಗಳನ್ನೆಲ್ಲ ಕೂಡಿಸಿದರೂ ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದದ್ದು ಮೂರು ವರ್ಷ ಆಗಲಿಕ್ಕಿಲ್ಲ. ಉಳಿದದ್ದೆಲ್ಲ ಫೋನು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದು, ಓದಿದ್ದು, ಮದುವೆಯಾಗಿ ಹೋದದ್ದು ಎಲ್ಲ ಫೋನಿನಲ್ಲೇ. ಅವರ ಜೊತೆ ರೂಮಿನಲ್ಲಿದ್ದ ಗೆಳೆಯರೊಬ್ಬರು ಖಲಾಸ್ ಎಂದು ಗಂಟುಮೂಟೆ ಕಟ್ಟಿ ಊರಿಗೆ ಹೋದವರು ಎಂಟೇ ತಿಂಗಳಿಗೆ ಬೇರೆ ವೀಸಾ ಮಾಡಿಸಿಕೊಂಡು ವಾಪಸ್ ಬಂದಿದ್ದರು. ಯಾಕೆಂದು ಕೇಳಿದರೆ, ‘ಮನೆಯಲ್ಲಿ ನಾನು ಹೋಗದೇ ಉಳಿದ ನೆಂಟನ ಹಾಗೆ ಆಗಿಬಿಟ್ಟೆ’ ಅಂದರಂತೆ.

“ನನಗೆ ಅದೇ ಹೆದರಿಕೆ,” ಎಂದರು ಸಾಹೇಬರು. “ಅವಳ ಮನೆಯಲ್ಲಿ ಅವಳದ್ದೇ ಕ್ರಮ ಉಂಟು. ನಾನು ಹೋದರೆ ಅಡ್ಡ. ಅದಕ್ಕೆ ಅವಳ ಮನೆಯೂ ಅಲ್ಲದ, ನನ್ನ ರೂಮೂ ಅಲ್ಲದ ಒಂದು ಜಾಗದಲ್ಲಿ ಮೊದಲು ಎಪ್ಪತ್ತು ದಿವಸ ಇದ್ದು ನೋಡುವ. ಓಡಿಹೋಗ್ಲಿಕ್ಕೆ ಅಲ್ಲಿ ಬಸ್ ಸ್ಟ್ಯಾಂಡ್ ಇಲ್ಲ ನೋಡಿ.” ನಕ್ಕರು. ನಾನು ನಗಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಶೀಟಿನಲ್ಲಿ ಎಫ್ ಕಾಲಂ ಆದ ಮೇಲೆ ನೇರ ಎಚ್ ಬರುವುದು ಕಣ್ಣಿಗೆ ಬಿತ್ತು. ನಡುವಿನದನ್ನು ಮುಚ್ಚಿಟ್ಟಿದ್ದರು. ನನ್ನ ಕೆಟ್ಟ ಕುತೂಹಲ ಸುಮ್ಮನಿರಬೇಕಲ್ಲ, ತೆರೆದೆ. ಮೇಲೆ ‘ಮಾತು – 10 ನಿಮಿಷ’ ಎಂದಿತ್ತು. ಕೆಳಗೆ ದಿನಕ್ಕೊಂದು ವಿಷಯ. ಮೊದಲ ದಿನ: ಬಂದ ವರ್ಷ ಹದಿನಾಲ್ಕು ಜನ ಒಂದು ರೂಮಿನಲ್ಲಿದ್ದದ್ದು. ಎರಡನೇ ದಿನ: ದೊಡ್ಡವಳು ಹುಟ್ಟಿದ ಸುದ್ದಿ ಬಂದಾಗ ನಾನು ಎಲ್ಲಿದ್ದೆ. ಒಂಬತ್ತನೇ ದಿನ: ಬಸ್ಸು ಗುದ್ದಿದ್ದು, ಅವಳಿಗೆ ಹೇಳಿರಲಿಲ್ಲ. ಇಪ್ಪತ್ತೆರಡು: ಉಮ್ಮನ ಮಯ್ಯತ್ತಿಗೆ ಬರಲಾಗದ್ದು. ಹೀಗೆ ನಲವತ್ತರವರೆಗೆ ಇತ್ತು. ಆಮೇಲೆ ಖಾಲಿ.

ತಾಯಿಯ ಸಾವಿಗೂ ಹತ್ತು ನಿಮಿಷ. ನನ್ನ ಬಾಯಿ ಸುಮ್ಮನಿರಲಿಲ್ಲ.

“ಸಾಹೇಬ್ರೇ, ತಪ್ಪಾಯ್ತು, ನೋಡ್ಬಿಟ್ಟೆ. ಆದ್ರೆ ಹತ್ತೇ ನಿಮಿಷ ಯಾಕೆ?”

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪ್ರಶ್ನೆಯೇ ಅರ್ಥವಾಗದವರಂತೆ ನೋಡಿದರು. “ಫೋನ್ ಕಾರ್ಡ್ ಹಾಕಿ ಮಾತಾಡುವಾಗ ಅಷ್ಟೇ ಅಲ್ವಾ ಸಿಗ್ತಿದ್ದದ್ದು? ಹತ್ತು ನಿಮಿಷಕ್ಕೆ ಕಟ್ ಆಗ್ತಿತ್ತು. ಅದಕ್ಕೆ ಮೊದಲೇ ಚೀಟಿಯಲ್ಲಿ ಬರ್ಕೊಂಡು ಒಂದೊಂದೇ ಹೇಳಿ ಮುಗಿಸುವುದು.”

“ಉಳಿದ ಹೊತ್ತು?”

“ಉಳಿದ ಹೊತ್ತು…” ಎಂದು ನಿಲ್ಲಿಸಿದರು. ಕೈ ಗೇರಿಗೆ ಹೋಗಲಿಲ್ಲ. “ಉಳಿದ ಹೊತ್ತು ಡ್ರೈವಿಂಗ್ ಅಲ್ವಾ.”

ಈಗ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಬಹುದು, ಕಾರ್ಡು ಕಾಣೆಯಾಗಿ ಎಷ್ಟೋ ವರ್ಷವಾಯಿತು. ಇವರು ಮಾತ್ರ ಈಗಲೂ ಹತ್ತು ನಿಮಿಷಕ್ಕೆ ‘ಸರಿ, ಇಡ್ತೇನೆ’ ಎನ್ನುತ್ತಿದ್ದುದನ್ನು ನಾನೇ ಪಕ್ಕದಲ್ಲಿ ಕೂತು ಕೇಳಿದ್ದೇನೆ. ನಮ್ಮ ಗಲ್ಫಿನ ಹಳಬರನ್ನು ಬಿಟ್ಟರೆ ಇನ್ಯಾರಿಗೂ ಇಂಥ ಪ್ಲಾನು ಮಾಡಲು ಬರಲಿಕ್ಕಿಲ್ಲ.

ಪ್ರಯಾಣಕ್ಕೆ ಇನ್ನು ಮೂರು ತಿಂಗಳಿದೆ ಎನ್ನುವಾಗ ಅವರ ಹೆಂಡತಿ ಒಂದು ತಿಂಗಳ ವೀಸಾದಲ್ಲಿ ದೋಹಾಕ್ಕೆ ಬಂದರು. ಕೆನಡಾದ ವೀಸಾಕ್ಕೆ ಇಬ್ಬರೂ ಒಟ್ಟಿಗೆ ಬೆರಳಚ್ಚು ಕೊಡುವ ಏರ್ಪಾಡು. ಒಂದು ಶುಕ್ರವಾರ ಐನ್ ಖಾಲಿದ್‌ನ ನಮ್ಮ ಮನೆಗೆ ಊಟಕ್ಕೆ ಕರೆದೆ. ಆಕೆ ಎತ್ತರದ ಹೆಂಗಸು, ಚುರುಕು ಕಣ್ಣು. ಗಂಡನ ಪಕ್ಕ ಸೋಫಾದಲ್ಲಿ ಕೂತವರು ಬಸ್ಸಿನಲ್ಲಿ ಪಕ್ಕದ ಸೀಟಿನವರ ಹಾಗೆ ಕೂತಿದ್ದರು. ಒಬ್ಬರು ಏನೋ ಹೇಳುವುದು, ಇನ್ನೊಬ್ಬರು ‘ಹಾಂ’ ಎನ್ನುವುದು, ಮತ್ತೆ ಇಬ್ಬರೂ ನಮ್ಮ ಟೀವಿ ನೋಡುವುದು. ಟೀವಿ ಆರಿತ್ತು.

ಸ್ವಲ್ಪ ಹೊತ್ತಿಗೆ ಆಕೆ ಎದ್ದು ಅಡುಗೆಮನೆಗೆ ಹೋದರು. ನನ್ನ ಹೆಂಡತಿಯ ಜೊತೆ ಅದೇನು ಮಾತೋ, ಎರಡು ಗಂಟೆ ನಿಲ್ಲಲಿಲ್ಲ. ಮಧ್ಯೆ ಒಮ್ಮೆ ಪಾತ್ರೆಗಳು ಅದುರುವ ಹಾಗೆ ನಕ್ಕರು. ಸಾಹೇಬರು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಆ ಕಡೆ ತಿರುಗಿದರು.

“ಅವಳಾ ನಕ್ಕದ್ದು?”

“ಇನ್ಯಾರು ಸಾಹೇಬ್ರೇ, ನನ್ನ ಹೆಂಡ್ತಿ ಅಷ್ಟು ಚೆನ್ನಾಗಿ ನಗಲ್ಲ.”

“ಅವಳು ಹೀಗೆ ನಗ್ತಾಳೆ ಅಂತ ನನಗೆ ಗೊತ್ತಿರ್ಲಿಲ್ಲ ಮಾರಾಯ್ರೆ,” ಎಂದರು.

ಅದಾದ ಮೇಲಿನ ವಾರ ವಿಮಾನಗಳು ನಿಂತವು. ಕೊರೊನಾದ ಆ ದಿನಗಳನ್ನು ಯಾರಿಗೂ ವಿವರಿಸಬೇಕಾಗಿಲ್ಲ. ವೀಸಾ ಆಫೀಸು ಮುಚ್ಚಿತು, ಕೆನಡಾ ಬಾಗಿಲು ಹಾಕಿಕೊಂಡಿತು, ಇಲ್ಲಿ ಇಂಡಸ್ಟ್ರಿಯಲ್ ಏರಿಯಾಕ್ಕೆ ಬೇಲಿ ಬಿತ್ತು. ಮನೆಗಾಡಿ ಬಾಡಿಗೆಗೆ ಕೊಡುವವರು ‘ಮುಂದೆ ನೋಡೋಣ’ ಎಂದು ಕಾಗದ ಕಳಿಸಿದರು. ಸಾಹೇಬರೂ ಅವರ ಹೆಂಡತಿಯೂ ಬಿನ್ ಒಮ್ರಾನಿನ ಒಂದು ಕೋಣೆ, ಒಂದು ಬಚ್ಚಲು, ಮೂಲೆಯಲ್ಲಿ ಒಂದು ಒಲೆ ಇರುವ ಸ್ಟುಡಿಯೋದಲ್ಲಿ ಸಿಕ್ಕಿಬಿದ್ದರು.

ನನಗೆ ನಿಜವಾಗಿ ಗಾಬರಿಯಾಯಿತು. ಇಪ್ಪತ್ತಾರು ವರ್ಷದಲ್ಲಿ ಆಗದ್ದು ಆ ಡಬ್ಬಿಯಂಥ ಕೋಣೆಯಲ್ಲಿ ಆಗುವುದುಂಟೇ? ಮೊದಲ ಮೂರು ದಿನ ಫೋನಿನಲ್ಲಿ ಅವರ ದನಿ ಕೇಳಿದರೆ ಆಸ್ಪತ್ರೆಯ ವರಾಂಡದಿಂದ ಮಾತಾಡಿದ ಹಾಗಿತ್ತು. ನಾಲ್ಕನೇ ದಿನ ಅವರೇ ಫೋನ್ ಮಾಡಿದರು.

“ಇವತ್ತು ಹೊರಟೆವು,” ಎಂದರು.

“ಎಲ್ಲಿಗೆ?”

“ಮೊದಲನೇ ಸಾಲು. ಬೇರೆ ಎಂತ ಮಾಡುವುದು ಹೇಳಿ. ಕೋಣೆಯನ್ನು ಟೇಪು ಹಿಡಿದು ಅಳೆದೆ, ಮನೆಗಾಡಿಗಿಂತ ಒಂದು ಮೊಳ ಉದ್ದ ಉಂಟು.”

ಕ್ಯಾಂಪಿನಲ್ಲಿದ್ದ ಡ್ರೈವರುಗಳ ಫೋನು ಮುಗಿದ ಮೇಲೆ, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ದಿನವೂ ಎರಡು ಗಂಟೆ ಪ್ರಯಾಣ. ಶುಕ್ರವಾರ ರಜೆ. ಕಿಟಕಿಯ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ. ನೆಟ್‌ವರ್ಕ್ ಇರಬಾರದೆಂದು ಫೋನು ಅಕ್ಕಿ ಡಬ್ಬಿಯಲ್ಲಿ. ಇವರು ಆ ದಿನದ ಸಾಲನ್ನು ಓದಿ, ಎಲ್ಲಿಂದ ಎಲ್ಲಿಗೆ, ದಾರಿಯಲ್ಲಿ ಏನು ಎಂದು ವಿವರಿಸುವುದು. ಆಮೇಲೆ ಹತ್ತು ನಿಮಿಷದ ಮಾತು. ಮೊದಮೊದಲು ಅದಷ್ಟೇ, ಆಮೇಲೆ ಇಬ್ಬರೂ ಎದುರಿನ ಕಟ್ಟಡದ ಎ.ಸಿ. ಪೆಟ್ಟಿಗೆಗಳನ್ನು ನೋಡುತ್ತಾ ಕೂರುವುದು. ಆದರೆ ಆಕೆಗೆ ಪ್ರಶ್ನೆಗಳು ಹುಟ್ಟತೊಡಗಿದವು. ಅಷ್ಟು ದೂರದಲ್ಲಿ ಒಂದೇ ಮನೆ ಇದ್ದರೆ ಅವರಿಗೆ ಉಪ್ಪು ಮುಗಿದಾಗ ಯಾರನ್ನು ಕೇಳುತ್ತಾರೆ? ಸೂರ್ಯ ಮುಳುಗದಿದ್ದರೆ ಕೋಳಿ ಗೂಡಿಗೆ ಹೋಗುವುದು ಯಾವಾಗ? ಇವರಿಗೆ ಉತ್ತರ ಗೊತ್ತಿಲ್ಲದೆ, ಪ್ರಯಾಣ ಮುಗಿದ ಮೇಲೆ ನನಗೆ ಫೋನು. ನಾನು ಗೂಗಲ್ ಮಾಡಿ ಹೇಳಬೇಕು. ಕೋಳಿಯ ಉತ್ತರ ನನಗೆ ಕೊನೆಗೂ ಸಿಗಲಿಲ್ಲ.

ಉಪವಾಸದ ತಿಂಗಳು ಬಂತು, ಪ್ರಯಾಣ ನಿಲ್ಲಲಿಲ್ಲ. ಇಫ್ತಾರಿಗೆ ಮೊದಲಿನ ಕಷ್ಟದ ಹೊತ್ತು ಕಳೆಯಲು ಒಳ್ಳೆಯದೇ ಆಯಿತು ಎಂದರು. ನಲವತ್ತನೇ ದಿನ ಅವರ ಪಟ್ಟಿ ಮುಗಿಯಿತು. ಆ ಸಂಜೆ ಆಕೆ ಲ್ಯಾಪ್‌ಟಾಪು ತನ್ನ ಕಡೆ ತಿರುಗಿಸಿಕೊಂಡು, ಎಲ್ಲ ಕಾಲಂಗಳನ್ನೂ ಬೆರಳಿಟ್ಟು ಓದಿ ಕೇಳಿದರಂತೆ: “ಡೀಸೆಲ್‌ಗೆ ಉಂಟು, ಕರಡಿಗೆ ಉಂಟು, ನಿಮ್ಮ ಮಾತಿಗೆ ಉಂಟು. ನನ್ನ ಕಾಲಂ ಎಲ್ಲಿ?”

“ಎಂತ ಹೇಳುವುದು ನಾನು?” ಎಂದು ನನ್ನನ್ನು ಕೇಳಿದರು ಸಾಹೇಬರು. “ಅವಳಿಗೆ ಹೇಳ್ಲಿಕ್ಕೆ ಇರಬಹುದು ಅಂತ ನನ್ನ ತಲೆಗೇ ಬರ್ಲಿಲ್ಲ. ಫೋನಿನಲ್ಲಿ ನಾನು ಕೇಳುವುದು, ಅವಳು ‘ಎಲ್ಲ ಚೆಂದ ಉಂಟು’ ಅನ್ನುವುದು. ಇಪ್ಪತ್ತಾರು ವರ್ಷ ಎಲ್ಲ ಚೆಂದ ಇರ್ಲಿಕ್ಕೆ ಸಾಧ್ಯವಾ?”

ಈ ನಡುವೆ ಸಿಕ್ಕಿಬಿದ್ದವರನ್ನು ಊರಿಗೆ ಕಳಿಸುವ ವಿಮಾನಗಳು ಶುರುವಾದವು. ನಾನು ಹೆಸರು ಪಟ್ಟಿ ಮಾಡುವವರ ಜೊತೆ ಕೂತು ಕೆಲಸ ಮಾಡುತ್ತಿದ್ದೆ. ವಿಸಿಟ್ ವೀಸಾದಲ್ಲಿ ಬಂದವರು ಎಂದು ಹತ್ತು ಸಲ ಬರೆದು, ಹತ್ತು ಜನರ ಕಾಲು ಹಿಡಿದು, ಬೆಂಗಳೂರಿನ ವಿಮಾನದಲ್ಲಿ ಆಕೆಗೆ ಒಂದು ಸೀಟು ಸಿಗುವ ಹಾಗೆ ಮಾಡಿದೆ. ಸಂಜೆ ಆರರೊಳಗೆ ಒಪ್ಪಿಗೆ ಹೇಳಬೇಕು. ಫೋನ್ ಮಾಡಿದರೆ ಎತ್ತುವವರಿಲ್ಲ. ಅಕ್ಕಿ ಡಬ್ಬಿಯೊಳಗೆ ರಿಂಗಾಗುತ್ತಿದೆ ಎಂದು ನನಗೆ ಗೊತ್ತು. ಹಲ್ಲು ಕಡಿಯುತ್ತಾ ಕಾರು ಹತ್ತಿದೆ. ಯಾರಿಗೋಸ್ಕರ ನಾನು ಇಷ್ಟೆಲ್ಲ ಒದ್ದಾಡುವುದು, ಇವರು ಕೂತಲ್ಲೇ ಕೆನಡಾ ಸುತ್ತುವುದು.

ಬಾಗಿಲು ತೆರೆದವರು ಸಾಹೇಬರು. ಹಿಂದೆ ಕಿಟಕಿಯ ಕಡೆ ಮುಖ ಮಾಡಿದ ಎರಡು ಕುರ್ಚಿ, ಬಲಗಡೆಯದರಲ್ಲಿ ಆಕೆ. ಗೋಡೆಯ ಮೇಲೆ ಆಫೀಸಿನಿಂದ ತಂದ ಆ ಹರಿದ ನಕ್ಷೆ. ನಾನು ಮಾಸ್ಕ್ ಏರಿಸಿಕೊಂಡು ಹೊಸ್ತಿಲ ಹೊರಗೇ ನಿಂತು ವಿಷಯ ಹೇಳಿದೆ.

ಸಾಹೇಬರು ಹೆಂಡತಿಯ ಕಡೆ ತಿರುಗಿದರು. “ಸೀಟು ಸಿಕ್ಕಿದೆಯಂತೆ,” ಎಂದರು. “ಹೋಗಬೇಕಾದರೆ ಹೋಗು. ಇವತ್ತಿಗೆ ನಲವತ್ತನಾಲ್ಕೇ ಆದದ್ದು, ಆದರೂ ಪರವಾಗಿಲ್ಲ.” ಬಸ್ಸಿನ ಕೀ ಕಿತ್ತುಕೊಳ್ಳುವಾಗ ಇರುತ್ತಿದ್ದ ದನಿ ಎಲ್ಲಿ ಹೋಗಿತ್ತೋ. ಕೈಗಳೆರಡೂ ಪಕ್ಕದಲ್ಲಿ ಜೋತಿದ್ದವು.

ಆಕೆ ಕುರ್ಚಿಯಿಂದ ಏಳಲಿಲ್ಲ. “ಅಣ್ಣ, ನಾನು ಬೇಡ ಅಂದ್ರೆ ಆ ಸೀಟು ಯಾರಿಗೆ?” ಎಂದು ನನ್ನನ್ನು ಕೇಳಿದರು.

“ವೇಟಿಂಗಲ್ಲಿ ಒಬ್ಬರು ಬಸುರಿ ಹೆಂಗಸಿದ್ದಾರೆ ಅಕ್ಕ.”

“ಅವರಿಗೆ ಕೊಡಿ.”

ನನಗೆ ತಡೆಯಲಾಗಲಿಲ್ಲ. “ಅಕ್ಕ, ಇನ್ನೊಂದು ಫ್ಲೈಟು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ನಾನೆಷ್ಟು ಕಷ್ಟಪಟ್ಟಿದ್ದೀನಿ ಗೊತ್ತಾ ಈ ಸೀಟಿಗೆ? ಊರಿಗೆ ಹೋಗೋದು ಬೇಡ್ವಾ ನಿಮಗೆ?”

“ಬೇಕು. ಯಾರಿಗೆ ಬೇಡ?” ಎಂದರು. “ಆದ್ರೆ ಇವರದ್ದು ನಲವತ್ತು ದಿವಸ ಕೇಳಿ ಮುಗಿಸಿದೆ, ಅಣ್ಣ. ನನ್ನದು ಮೊನ್ನೆ ಶುರುವಾದದ್ದು ಅಷ್ಟೆ. ಇನ್ನು ಇಪ್ಪತ್ತಾರು ದಿವಸ ಉಂಟು, ಅದೂ ಸಾಲ್ಲಿಕ್ಕಿಲ್ಲ.” ಮತ್ತೆ ಪಕ್ಕದ ಖಾಲಿ ಕುರ್ಚಿಯನ್ನು ಕೈಯಲ್ಲಿ ತಟ್ಟಿ ಗಂಡನಿಗೆ ಹೇಳಿದರು, “ಬನ್ನಿ, ಗಾಡಿ ಬಿಡಿ. ನಾನು ಎಲ್ಲಿಗೆ ನಿಲ್ಲಿಸಿದ್ದೆ?”

ಸಾಹೇಬರು ಹೋಗಿ ಕೂತರು. ಉತ್ತರಕ್ಕೆ ಒಂದು ಕ್ಷಣವೂ ಯೋಚಿಸಲಿಲ್ಲ.

“ಮನೆಯ ಸ್ಲ್ಯಾಬ್ ಹಾಕಿದ ದಿವಸ ಮಳೆ ಬಂತು,” ಎಂದರು. “ನೀನು ಟಾರ್ಪಲ್ ಹಿಡ್ಕೊಂಡು ಒಬ್ಬಳೇ ಮೇಲೆ ನಿಂತಿದ್ದೆ. ಅಲ್ಲಿಗೆ.”